ಡ್ರಮ್ಮಿನ ಹೊಟ್ಟೆ ಸೇರಿದ ಬ್ರೆಡ್

ಮಂಗಳವಾರ, ಮಧ್ಯಾಹ್ನ

ಅಕ್ಕನ ಮನೆಯಲ್ಲಿ ಕಾಲು ಚಾಚಿ ಕೂತಿರುವ ಯಜಮಾನರಿಗೆ,

ನಾನು ಕ್ಷೇಮ, ನೀವೂ ಕ್ಷೇಮವೆಂದು ನಂಬಿದ್ದೇನೆ ಅಂತ ಶುರು ಮಾಡಬೇಕಲ್ಲವೇ? ಮಾಡುವುದಿಲ್ಲ. ನಾನು ಕ್ಷೇಮವಾಗಿಲ್ಲ, ಮೈಯೆಲ್ಲ ಉರಿಯುತ್ತಿದೆ. ನೀವು ಕ್ಷೇಮವೋ ಇಲ್ಲವೋ ಅನ್ನುವುದು ನಿಮಗೆ ಗೊತ್ತು, ನಿಮ್ಮಕ್ಕನಿಗೆ ಗೊತ್ತು, ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗಳಿಗೂ ಗೊತ್ತು. ಗೊತ್ತಿಲ್ಲದೆ ಇದ್ದವಳು ಇಪ್ಪತ್ತೊಂದು ವರ್ಷದಿಂದ ನಿಮ್ಮ ಜೊತೆ ಒಂದೇ ಸೂರಿನಡಿ ಇರುವ ನಾನೊಬ್ಬಳೇ.

ಫೋನಿನಲ್ಲಿ ಹೇಳಬಹುದಿತ್ತು. ಆದರೆ ನನ್ನ ದನಿ ಸ್ವಲ್ಪ ಏರಿದರೆ ಸಾಕು, ನೀವು ಫೋನನ್ನು ಮೇಜಿನ ಮೇಲೆ ಮಲಗಿಸಿ, ಆಗಾಗ ಹತ್ತಿರ ಬಂದು 'ಹೂಂ' ಅಂದು ಹೋಗುತ್ತೀರಿ. ನನಗೆ ಗೊತ್ತಾಗುವುದಿಲ್ಲ ಅಂದುಕೊಂಡಿದ್ದೀರಾ? ಹೋದ ವಾರ ನಾನು ಕೇಳಿದ್ದು ಮನೆ ಬೀಗದ ಇನ್ನೊಂದು ಕೀಲಿ ಎಲ್ಲಿದೆ ಅಂತ. ಅದಕ್ಕೂ 'ಹೂಂ' ಅಂದಿರಿ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಇದನ್ನು ಮೇಜಿನ ಮೇಲೆ ಇಟ್ಟು ಎದ್ದು ಹೋದರೂ ನಾನು ಹೇಳಿದ್ದು ಅಲ್ಲೇ ಇರುತ್ತದೆ, ವಾಪಸು ಬಂದಾಗ ಓದಲೇಬೇಕು.

ಎಲ್ಲ ಮೊದಲಿನಿಂದ ಹೇಳುತ್ತೇನೆ. ಇದು ಗೊತ್ತಿರುವುದೇ ಅಂತ ಪುಟ ಮಗುಚಬೇಡಿ. ನಡೆದದ್ದು ನಿಮಗೆ ಗೊತ್ತಿರಬಹುದು, ನನ್ನ ಕಣ್ಣಿಗೆ ಅದು ಹೇಗೆ ಕಾಣಿಸಿತು ಅನ್ನುವುದು ನಿಮಗೆ ಗೊತ್ತಿಲ್ಲ.

ಕಳೆದ ವರ್ಷ ನಿಮ್ಮ ಅಗ್ನಿಶಾಮಕ ಠಾಣೆಗೆ ಹೊಸ ಸಾಹೇಬರು ಬಂದರು. ಬಂದವರೇ ಹೊಸ ಪರೀಕ್ಷೆ ತಂದರು. ನಲವತ್ತೈದು ದಾಟಿದವರೆಲ್ಲ ಆಳು ತೂಕದ ಗೊಂಬೆಯನ್ನು ಹೆಗಲ ಮೇಲೆ ಹೊತ್ತು ನಾಲ್ಕನೇ ಮಹಡಿಯಿಂದ ಇಳಿಯಬೇಕು, ಆಮೇಲೆ ನೀರಿನ ಪೈಪು ಎಳೆದುಕೊಂಡು ಅಂಗಳದ ತುದಿಯವರೆಗೆ ಓಡಬೇಕು. ಆಗದವರು ಇನ್ನು ಗಾಡಿ ಹತ್ತುವ ಹಾಗಿಲ್ಲ. ಫೋನ್ ರೂಮಿನಲ್ಲಿ ಕೂತು, ಎಲ್ಲಿ ಬೆಂಕಿ ಬಿದ್ದಿದೆ ಅಂತ ಬರೆದುಕೊಂಡು, ಬೇರೆಯವರನ್ನು ಕಳಿಸಬೇಕು. ಅವತ್ತು ಸಂಜೆ ನೀವು ನನ್ನ ಹೊಲಿಗೆ ಯಂತ್ರದ ಪಕ್ಕದ ಸ್ಟೂಲಿನಲ್ಲಿ ಕೂತು, ಬೂಟೂ ಬಿಚ್ಚದೆ, ಫೋನ್ ರೂಮಿಗೆ ಹಾಕಿದ್ರೆ ನಾನು ಸತ್ತೇ ಹೋಗ್ತೀನಿ ಕಣೇ ಅಂದಿರಿ. ನೆನಪಿದೆಯಾ? ನನ್ನ ಕೈಯಲ್ಲಿ ಯಾರದೋ ಮದುವೆಯ ರವಿಕೆ ಇತ್ತು. ಸೂಜಿ ಬೆರಳಿಗೆ ಚುಚ್ಚಿತು. ಹಾಗೆಲ್ಲ ಆಗಕ್ಕೆ ನಾನು ಬಿಡ್ತೀನಾ ಅಂದೆ.

ಜಿಮ್ಮಿನ ಮೇಷ್ಟ್ರು ಹೊಟ್ಟೆ ಇಳಿಸಿ, ಪ್ರೋಟೀನು ಏರಿಸಿ ಅಂದರು. ಅವರು ಕೊಟ್ಟ ಡಬ್ಬಿಯ ಪುಡಿ ಕುಡಿದು ನೀವು ಎರಡು ದಿನ ಬಚ್ಚಲು ಬಿಟ್ಟು ಈಚೆ ಬರಲಿಲ್ಲ. ಆಗ ನಾನು ಮನೆಯಲ್ಲೇ ಪ್ರೋಟೀನ್ ಬ್ರೆಡ್ ಮಾಡುತ್ತೇನೆ ಅಂತ ಹಟ ಹಿಡಿದೆ. ಬೇಕರಿ ಸಾಮಾನಿನ ಅಂಗಡಿಯವನು ಒಂದು ಪುಡಿ ತೋರಿಸಿದ. ಗ್ಲುಟೆನ್ ಪುಡಿ ಅಂತ. ಗೋಧಿಹಿಟ್ಟನ್ನು ಕಲಸಿ, ನೀರಿನಲ್ಲಿ ತೊಳೆದು ತೊಳೆದು, ಕೊನೆಗೆ ಉಳಿಯುವ ಅಂಟನ್ನು ಒಣಗಿಸಿ ಪುಡಿ ಮಾಡಿದ್ದಂತೆ, ಮುಕ್ಕಾಲು ಪಾಲು ಪ್ರೋಟೀನೇ ಅಂತೆ. ಬ್ರೆಡ್ಡು ಉಬ್ಬುತ್ತೆ, ಮೈಯೂ ಉಬ್ಬುತ್ತೆ ತಗೊಳ್ಳಿ ಮೇಡಂ ಅಂದ. ತಗೊಂಡೆ.

ಮೊದಲನೇ ಬ್ರೆಡ್ಡು ಹೇಗಿತ್ತು ಅಂತ ನೆನಪಿಸಬೇಕೇ? ಗಾಳಿಗೆ ಬಡಿದುಕೊಳ್ಳುವ ಬಾಗಿಲಿಗೆ ತಡೆ ಇಡಬಹುದಿತ್ತು. ನೀವು ದವಡೆ ನೋಯಿಸಿಕೊಂಡು ತಿಂದು, ಚೆನ್ನಾಗಿದೆ ಅಂದಿರಿ. ನಿಮ್ಮ ಸುಳ್ಳು ಶುರುವಾದದ್ದೇ ಅಲ್ಲಿಂದ, ಈಗ ಗೊತ್ತಾಗುತ್ತಿದೆ. ಆದರೆ ನಾನು ಬಿಡುವವಳೇ? ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೀರು ಸೋರಿಸಿ ಹಾಕಿದೆ. ಮೊಟ್ಟೆಯ ಬಿಳಿ ಹಾಕಿದೆ, ಹಾಲಿನ ಪುಡಿ ಹಾಕಿದೆ, ಕುಂಬಳಬೀಜ ಹುರಿದು ಹಾಕಿದೆ. ಆ ಪುಡಿ ಬಿದ್ದ ಹಿಟ್ಟು ರಬ್ಬರಿನ ಹಾಗೆ ಕೈಯನ್ನೇ ವಾಪಸು ಎಳೆಯುತ್ತದೆ. ಅದರ ಜೊತೆ ಗುದ್ದಾಡಿ ಗುದ್ದಾಡಿ ನನ್ನ ರಟ್ಟೆಯೇ ಗಟ್ಟಿಯಾಯಿತು. ತುಂಡು ಹಿಟ್ಟನ್ನು ಬೆರಳುಗಳ ಮೇಲೆ ಹಿಗ್ಗಿಸಿ ಕಿಟಕಿಗೆ ಹಿಡಿದರೆ, ಹರಿಯದೆ, ತೆಳು ಲೈನಿಂಗ್ ಬಟ್ಟೆಯ ಹಾಗೆ ಬೆಳಕು ಬಿಡಬೇಕು. ಅಷ್ಟು ಕಲಿಯುವ ಹೊತ್ತಿಗೆ ಬೇಸಗೆ ಮುಗಿದಿತ್ತು. ಓವನ್ನಿನಿಂದ ತೆಗೆದು ತಳ ತಟ್ಟಿದರೆ ಟೊಳ್ಳು ಸದ್ದು ಬಂದ ದಿನ ನಾನು ಹೊಲಿಗೆ ಅಂಗಡಿಗೆ ರಜೆ ಹಾಕಿದೆ ರೀ. ಅಷ್ಟು ಸಂತೋಷವಾಗಿತ್ತು ನನಗೆ. ಬೆಳಿಗ್ಗೆ ಎರಡು ಹೋಳು ನನ್ನ ಕಣ್ಣೆದುರಿಗೆ, ಆರು ಹೋಳು ಡಬ್ಬಿಯಲ್ಲಿ ಠಾಣೆಗೆ. ವಾರಕ್ಕೊಮ್ಮೆ ಟೇಪು ಹಿಡಿದು ನಿಮ್ಮ ತೋಳು, ಎದೆ, ಸೊಂಟ ಅಳೆಯುತ್ತಿದ್ದೆ. ನೀವು ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದಿರಿ, ನಾನು ಬೈದು ಬಿಡಿಸುತ್ತಿದ್ದೆ.

ಮೊದಲು ಸೊಂಟ ಇಳಿಯಿತು. ನಾನು ಕುಣಿದಾಡಿದೆ. ಯೂನಿಫಾರ್ಮಿನ ಪ್ಯಾಂಟು ಹಿಡಿಸಿ ಕೊಟ್ಟೆ. ಆಮೇಲೆ ತೋಳೂ ಇಳಿಯಿತು. ಸೊಂಟ ಇಳಿದು ತೋಳು ಬೆಳೆಯಬೇಕಿತ್ತಲ್ಲ, ಇದ್ಯಾಕೆ ಹೀಗೆ ಅಂತ ಜಿಮ್ಮಿನ ಮೇಷ್ಟ್ರನ್ನು ಕೇಳಿದರೆ, ಪ್ರೋಟೀನು ಸಾಲುತ್ತಿಲ್ಲ ಅಂದರು. ಸರಿ, ಪುಡಿ ಒಂದೂವರೆಯಷ್ಟು ಮಾಡಿದೆ. ಇನ್ನೂ ಇಳಿದಿರಿ. ಎರಡರಷ್ಟು ಮಾಡಿದೆ. ಕೆನ್ನೆ ಒಳಗೆ ಹೋಯಿತು, ಮೆಟ್ಟಿಲು ಹತ್ತಿದರೆ ಏದುಸಿರು, ರಾತ್ರಿ ಕಾಲಿನ ಮೀನಖಂಡ ಹಿಡಿದುಕೊಂಡು ಎದ್ದು ಕೂರುತ್ತಿದ್ದಿರಿ. ಏನ್ರೀ ಇದು ಅಂದರೆ ವ್ಯಾಯಾಮ ಜಾಸ್ತಿಯಾಯ್ತು ಅನ್ನುತ್ತಿದ್ದಿರಿ. ಕೊನೆಯ ಸಲ ಪ್ಯಾಂಟು ಹಿಡಿಸಿದಾಗ ಹಿಂದಿನ ಎರಡು ಜೇಬೂ ಒಂದಕ್ಕೊಂದು ತಾಗುವಷ್ಟು ಹತ್ತಿರ ಬಂದಿದ್ದವು. ಊರಿನವರ ಮೈಯನ್ನೆಲ್ಲ ಅಳೆದು ಹೊಟ್ಟೆ ಹೊರೆಯುವವಳು ನಾನು. ಗಂಡನ ಮೈ ಕರಗುತ್ತಿದ್ದುದನ್ನು ನನ್ನ ಕೈಯಾರೆ ಹೊಲಿಗೆ ಹಾಕಿ ಮುಚ್ಚಿದೆ. ಇದಕ್ಕಿಂತ ಬೇಕೇ?

ಪರೀಕ್ಷೆಯ ದಿನ ಎರಡನೇ ಮಹಡಿಗೇ ಗೊಂಬೆಯನ್ನು ಇಳಿಸಿ ಕೂತುಬಿಟ್ಟಿರಿ ಅಂತ ಆಮೇಲೆ ಗೊತ್ತಾಯಿತು. ಮನೆಗೆ ಬಂದು, ಆಗಲಿಲ್ಲ ಕಣೇ, ಒಂದನೇ ತಾರೀಖಿನಿಂದ ಫೋನ್ ರೂಮು ಅಂದಿರಿ. ನಾನು ಆವತ್ತು ಬೈದೆನಾ? ಒಂದು ಮಾತಾದರೂ ಆಡಿದೆನಾ? ನೀವು ಮಲಗಿದ ಮೇಲೆ ಬಚ್ಚಲಿನ ನಲ್ಲಿ ಬಿಟ್ಟುಕೊಂಡು ಅತ್ತೆ. ನನ್ನ ಬ್ರೆಡ್ಡಿನಲ್ಲಿ ಏನು ಕಡಿಮೆಯಾಯಿತು ಅಂತ ಅತ್ತೆ!

ಅದಾದ ಮೂರನೇ ದಿನ ನಿಮ್ಮ ಠಾಣೆಯ ಡ್ರಮ್ ಬಂದ. ನೀವೇ ಇಟ್ಟ ಹೆಸರು, ಹೊಟ್ಟೆಯ ಮೇಲೆ ಬಾರಿಸಿದರೆ ಸದ್ದು ಬರುತ್ತದೆ ಅಂತ. ಬಾಗಿಲಲ್ಲಿ ನಿಂತವನನ್ನು ನಾನು ಗುರುತೇ ಹಿಡಿಯಲಿಲ್ಲ. ಹೊಟ್ಟೆ ಎಲ್ಲಿ ಹೋಯಿತೋ, ಅಂಗಿಯ ತೋಳು ಬಿಗಿದು ಹೊಲಿಗೆ ಬಾಯಿ ಬಿಟ್ಟಿತ್ತು. ಕೈಯಲ್ಲಿ ಹಣ್ಣಿನ ಬುಟ್ಟಿ. ಅತ್ತಿಗೆ, ಪರೀಕ್ಷೇಲಿ ಇಡೀ ಠಾಣೆಗೇ ಮೊದಲು ಬಂದೆ, ಎಲ್ಲ ನಿಮ್ಮ ಕೈ ಗುಣ ಅಂತ ಬಗ್ಗಿ ಕಾಲು ಮುಟ್ಟುವುದಕ್ಕೇ ಬಂದುಬಿಟ್ಟ. ನನಗೆ ತಲೆಬುಡ ಗೊತ್ತಾಗಲಿಲ್ಲ. ಅಣ್ಣನಿಗೆ ಬ್ರೆಡ್ ಅಷ್ಟಾಗಿ ಸೇರಲ್ಲವಂತಲ್ಲ, ಐದು ತಿಂಗಳಿಂದ ಡಬ್ಬಿ ನಾನೇ ಖಾಲಿ ಮಾಡ್ತಿದ್ದೀನಿ, ಬಿಸಾಕೋ ಬದಲು ಅಂತ ಕೊಡ್ತಾರೆ ಅಂದ. ಪಾಪ, ಅವನಿಗೇನು ಗೊತ್ತು. ಇನ್ನು ಮುಂದೆ ದುಡ್ಡು ಕೊಟ್ಟೇ ತಗೋತೀನಿ, ಮಾಡಿಕೊಡ್ತೀರಾ ಅಂತ ಬೇರೆ ಕೇಳಿದ. ನನ್ನ ಮುಖ ನೋಡಿ ಬುಟ್ಟಿ ಅಲ್ಲೇ ಇಟ್ಟು ಓಡಿದ.

ನನ್ನ ಬ್ರೆಡ್ಡಿನಲ್ಲಿ ಏನೂ ಕಡಿಮೆ ಇರಲಿಲ್ಲ ಅಂತ ಆಯಿತಲ್ಲ! ಅದು ಕೆಲಸ ಮಾಡಿದೆ, ಚೆನ್ನಾಗಿಯೇ ಮಾಡಿದೆ, ಆದರೆ ಯಾರದೋ ಮೈಯಲ್ಲಿ. ನಾನು ಮುಂಜಾನೆ ಎದ್ದು ರಟ್ಟೆ ಮುರಿದುಕೊಂಡು ಡ್ರಮ್ಮನ್ನು ಸಾಕಿದ್ದೇನೆ.

ಆ ಸಂಜೆ ನೀವು ಬಂದಾಗ ನಾನು ಕೂಗಿದ್ದು ನಿಜ. ಎರಡು ಮನೆ ಆಚೆಯವರಿಗೂ ಕೇಳಿಸಿರಬಹುದು. ಡಬ್ಬಿ ಎಸೆದದ್ದೂ ನಿಜ, ಆದರೆ ನಿಮ್ಮ ಕಡೆಗೆ ಎಸೆದದ್ದಲ್ಲ, ಗೋಡೆಗೆ. ಬ್ರೆಡ್ಡು ಸೇರದಿದ್ದರೆ ಬಾಯಿಬಿಟ್ಟು ಹೇಳೋಕೇನಾಗಿತ್ತು ರೋಗ ಅಂದೆ. ನೀವು ಏನು ಮಾಡಿದಿರಿ? ಬ್ಯಾಗಿಗೆ ಎರಡು ಜೊತೆ ಬಟ್ಟೆ ತುಂಬಿಕೊಂಡಿರಿ. ನಿನ್ನ ಕೈಯಿಂದ ಏನು ಬಂದ್ರೂ ಅರಗಿಸಿಕೊಳ್ತೀನಿ ಅಂದುಕೊಂಡಿದ್ದೆ, ಆಗಲಿಲ್ಲ ಅಂತ ಹೇಳಿ, ಬಾಗಿಲು ಮೆತ್ತಗೆ ಎಳೆದುಕೊಂಡು ಹೋದಿರಿ. ಬಾಗಿಲನ್ನಾದರೂ ದಢಾರ್ ಅಂತ ಹಾಕಬಾರದಿತ್ತೇ? ಅದಕ್ಕೂ ಮೆತ್ತಗೆ!

ಮಾರನೇ ದಿನ ನಿಮ್ಮಕ್ಕನಿಗೆ ಫೋನ್ ಮಾಡಿದೆ. ಜಗಳವಾಡುವುದಕ್ಕೇ ಮಾಡಿದ್ದು. ಅವರು ನನಗೆ ಬಾಯಿ ತೆರೆಯಲೂ ಬಿಡದೆ ಎಲ್ಲ ಹೇಳಿಬಿಟ್ಟರು. ಅವರಿಗೂ ಮುಚ್ಚಿಟ್ಟುಕೊಂಡು ಸಾಕಾಗಿತ್ತು. ಐದು ತಿಂಗಳ ಹಿಂದೆ ನೀವು ಅವರ ಮನೆಯಲ್ಲಿ ತಲೆ ತಿರುಗಿ ಬಿದ್ದಿರಂತೆ. ಅವರ ಡಾಕ್ಟರ ಹತ್ತಿರ ಕರೆದುಕೊಂಡು ಹೋದರಂತೆ. ರಕ್ತ ಪರೀಕ್ಷೆ, ಹೊಟ್ಟೆಗೆ ಕೊಳವೆ ಇಳಿಸಿ ಇನ್ನೊಂದು ಪರೀಕ್ಷೆ. ಗೋಧಿಯ ಆ ಅಂಟೇ ನಿಮ್ಮ ಕರುಳಿಗೆ ವಿಷವಂತೆ.

ನಂಬಲಿಲ್ಲ. ಆ ಡಾಕ್ಟರ ಬಳಿಗೇ ಹೋದೆ. ಸುಸ್ತಾದ ಮುಖದ ಹೆಂಗಸು. ಹೆಸರು ಹೇಳುವ ಮೊದಲೇ, ಬ್ರೆಡ್ ಮಾಡೋರು ನೀವೇನಾ ಅಂದರು. ನೋಡಿ, ಅವರಿಗೂ ನನ್ನ ಖ್ಯಾತಿ ಮುಟ್ಟಿದೆ. ಕಾಯಿಲೆ ಒಳಗೆ ಮೊದಲಿನಿಂದಲೂ ಇದ್ದಿರಬಹುದು, ಅಷ್ಟೊಂದು ಅಂಟು ಒಟ್ಟಿಗೆ ಹೋದಾಗ ಕೆರಳಿದೆ, ಕರುಳು ಸವೆದು ತಿಂದದ್ದು ಯಾವುದೂ ಮೈಗೆ ಹತ್ತುತ್ತಿಲ್ಲ, ಮೂಳೆಯೂ ತೆಳುವಾಗುತ್ತಿದೆ ಅಂದರು. ಒಂದು ಚೂರೂ ಬಾಯಿಗೆ ಹೋಗಬಾರದು ಅಂತ ಅವತ್ತೇ ಹೇಳಿದ್ದೆ, ಬಿಟ್ಟಿದ್ರೆ ಇಷ್ಟು ಹೊತ್ತಿಗೆ ಎದ್ದು ನಿಲ್ತಿದ್ರು, ಬೆಳಿಗ್ಗೆ ಎರಡು ಹೋಳು ತಿನ್ನಲೇಬೇಕು ಅಂತಾರೆ, ಯಾಕೆ ಅಂದ್ರೆ ಹೇಳಲ್ಲ ಅಂದರು.

ಯಾಕೆ ಅಂತ ನಾನು ಹೇಳಲಿಲ್ಲ ಅವರಿಗೆ. ಆ ಎರಡು ಹೋಳು ನನ್ನ ಕಣ್ಣೆದುರಿಗೆ ತಿನ್ನಬೇಕಿತ್ತಲ್ಲ. ನಾನು ಎದುರಿಗೆ ಕೂತು, ಇನ್ನೊಂದು ಹಾಕಲಾ ಅಂತ ಉಪಚಾರ ಬೇರೆ ಮಾಡುತ್ತಿದ್ದೆನಲ್ಲ!

ಈಗ ಹೇಳಿ, ನನ್ನನ್ನು ಏನು ಮಾಡಿದಿರಿ ನೀವು? ಒಂದು ಮಾತು, ಇದು ನನಗೆ ಆಗಲ್ಲ ಕಣೇ ಅನ್ನುವ ಒಂದೇ ಮಾತು ಆಡಿದ್ದರೆ ಆ ಪುಡಿಯನ್ನು ಅವತ್ತೇ ಚರಂಡಿಗೆ ಸುರಿಯುತ್ತಿದ್ದೆ. ಆಡಲಿಲ್ಲ. ನಿಮ್ಮ ದೊಡ್ಡ ಮನಸ್ಸು ನನ್ನನ್ನು ದಿನಾ ಬೆಳಿಗ್ಗೆ ಗಂಡನಿಗೆ ವಿಷ ಬಡಿಸುವವಳನ್ನಾಗಿ ಮಾಡಿತು. ನಿಮಗೆ ಏನಾದರೂ ಆಗಿಬಿಟ್ಟಿದ್ದರೆ ನಿಮ್ಮನ್ನು ಕೊಂದವಳು ನಾನಾಗುತ್ತಿದ್ದೆ. ಅದೂ ಮೇಲೆ ಕುಂಬಳಬೀಜ ಉದುರಿಸಿ, ಬೆಣ್ಣೆ ಸವರಿ! ಅದನ್ನು ಯೋಚಿಸಿದರೆ ಹಿಟ್ಟು ನಾದಿದ ಈ ಎರಡು ಕೈಯನ್ನೂ ಎಲ್ಲಿ ಇಟ್ಟುಕೊಳ್ಳಲಿ ಅಂತ ಗೊತ್ತಾಗುವುದಿಲ್ಲ.

ಇದೆಲ್ಲ ಆದ ಮೇಲೆ ಮಗಳನ್ನು ಹಿಡಿದು ಕೇಳಿದೆ. ಅವಳಿಗೂ ಗೊತ್ತಿತ್ತಂತೆ, ಅಪ್ಪ ಆಣೆ ಹಾಕಿಸಿಕೊಂಡಿದ್ದರಂತೆ. ನನಗ್ಯಾಕೆ ಹೇಳಲಿಲ್ಲ ಅಂದರೆ, ಅಮ್ಮಾ, ನಿನಗೆ ಹೇಳೋ ಧೈರ್ಯ ಯಾರಿಗಿದೆ, ಅಪ್ಪನಿಗೂ ಭಯ ಅಂದಳು. ಹೇಳಿ ತಟ್ಟೆ ತೊಳೆಯಲು ಎದ್ದು ಹೋದಳು. ಎಷ್ಟು ಸಲೀಸಾಗಿ ಹೇಳಿದಳೆಂದರೆ, ಆಚೆ ಬಿಸಿಲಿದೆ ಅಂದ ಹಾಗಿತ್ತು.

ಮೂರು ದಿನದಿಂದ ಇದೊಂದೇ ಮಾತು ತಲೆ ಕೊರೆಯುತ್ತಿದೆ. ಉರಿಯುವ ಗೋದಾಮಿನೊಳಗೆ ಮುಖಕ್ಕೆ ಒದ್ದೆ ಬಟ್ಟೆ ಕಟ್ಟಿಕೊಂಡು ನುಗ್ಗುವ ಮನುಷ್ಯ, ಬಟ್ಟೆ ಹೊಲಿಯುವ ಹೆಂಡತಿಗೆ ಹೆದರುತ್ತಾನಂತೆ! ಯಾಕೆ? ನಾನೇನು ಹುಲಿಯೇ? ನನಗೆ ಕೋಪ ಮೂಗಿನ ತುದಿಯಲ್ಲೇ ಇದೆ, ಒಪ್ಪಿದೆ. ತೋಳು ಗಿಡ್ಡವಾಯಿತೆಂದು ರಾಗ ಎಳೆದ ಗಿರಾಕಿಗೆ ಕತ್ತರಿ ಕೈಗೆ ಕೊಟ್ಟು ನೀವೇ ಹೊಲಿದುಕೊಳ್ಳಿ ಅಂದಿದ್ದೇನೆ, ಅದೂ ಒಪ್ಪಿದೆ. ನಿಮ್ಮಕ್ಕನ ಕೇಕು ನನ್ನದಕ್ಕಿಂತ ಮೆತ್ತಗಿದೆ ಅಂದಾಗ ನಾಲ್ಕು ದಿನ ಮಾತು ಬಿಟ್ಟಿದ್ದೆ. ಅದು ಬೇರೆ ವಿಷಯ. ಕೇಕಿನ ವಿಷಯಕ್ಕೂ ಕರುಳಿನ ವಿಷಯಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲವೇ ನಿಮಗೆ? ಪ್ರಾಣಕ್ಕೆ ಕುತ್ತು ಬಂದಾಗಲೂ ನಾನು ಬ್ರೆಡ್ಡಿನ ಪರವೇ ನಿಲ್ಲುತ್ತೇನೆ ಅಂದುಕೊಂಡೆಯಾ? ಹೇಳು. ನನ್ನ ಬಗ್ಗೆ ಅಷ್ಟೇನಾ ನಿನಗೆ ಗೊತ್ತಿರೋದು, ಇಷ್ಟು ವರ್ಷ ಜೊತೆಗಿದ್ದು?

ಏಕವಚನ ಬಂದುಬಿಟ್ಟಿತು. ಬಂದದ್ದು ಬಂತು, ಹೊಡೆದುಹಾಕುವುದಿಲ್ಲ.

ಇನ್ನೊಂದು ಮಾತು ಡ್ರಮ್ಮಿನಿಂದ ತಿಳಿಯಿತು. ಯಾಕೆ ಫೇಲಾದೆ ಅಂತ ಸಾಹೇಬರು ಕೇಳಿದಾಗ, ವಯಸ್ಸಾಯ್ತು ಸಾರ್, ಆಲಸ್ಯ ಸಾರ್ ಅಂದಿರಂತೆ. ಕಾಯಿಲೆ ಅಂತ ಯಾಕೆ ಹೇಳಲಿಲ್ಲ? ಹೇಳಿದರೆ ಯಾವ ಕಾಯಿಲೆ ಅಂತ ಬರುತ್ತದೆ, ಆಮೇಲೆ ಹೆಂಡತಿಯ ಬ್ರೆಡ್ಡು ಅಂತ ಬರುತ್ತದೆ, ಠಾಣೆಯವರೆಲ್ಲ ನನ್ನನ್ನು ಆಡಿಕೊಳ್ಳುತ್ತಾರೆ, ಅಷ್ಟೇ ತಾನೇ? ನನ್ನ ಮರ್ಯಾದೆ ಉಳಿಸುವುದಕ್ಕೆ ನೀವು ಪ್ರಾಣಕ್ಕಿಂತ ಹೆಚ್ಚಾಗಿ ಇಟ್ಟುಕೊಂಡ ಕೆಲಸವನ್ನೇ ಬಿಟ್ಟುಕೊಟ್ಟಿರಿ. ನಾನು ಕೇಳಿದ್ದೆನಾ? ಇಂಥ ಉಪಕಾರ ಯಾರಿಗೆ ಬೇಕು ರೀ? ನನ್ನನ್ನು ಕೇಳದೆ ನನ್ನ ಮರ್ಯಾದೆಗೆ ಬೆಲೆ ಕಟ್ಟುವುದಕ್ಕೆ ನೀವು ಯಾರು?

ಇಲ್ಲಿಯ ಸುದ್ದಿ ಬೇಕಾದರೆ ಓದಿ, ಬೇಡವಾದರೆ ಬಿಡಿ. ಮನೆಯಲ್ಲಿ ಈಗ ಗೋಧಿಯ ಒಂದು ಕಾಳೂ ಇಲ್ಲ. ಅಡುಗೆಮನೆಯ ಕಪಾಟು, ಓವನ್ನಿನ ಒಳಗೋಡೆ, ಜರಡಿ, ಮಣೆ ಎಲ್ಲವನ್ನೂ ಬಿಸಿನೀರಿನಲ್ಲಿ ಉಜ್ಜಿದ್ದೇನೆ. ನಿಮಗಾಗಿ ಮಾಡಿದ್ದಲ್ಲ, ಆ ಹಿಟ್ಟಿನ ಮುಖ ನೋಡಿದರೆ ನನಗೇ ಆಗುವುದಿಲ್ಲ. ಬ್ರೆಡ್ ಮಾಡುವ ತಗಡಿನ ಅಚ್ಚುಗಳನ್ನು ಡ್ರಮ್ಮಿನ ಹೆಂಡತಿಗೆ ಕೊಟ್ಟೆ, ಅವಳೇ ಮಾಡಿ ಹಾಕಲಿ. ಹೊಸ ಅಚ್ಚು ತಂದಿದ್ದೇನೆ, ಅಂಗಡಿಯಲ್ಲಿ ಕಡಿಮೆಗೆ ಬಂತು ಅಂತ. ಮೊನ್ನೆ ಸುಮ್ಮನೆ ಕಡಲೆಹಿಟ್ಟು, ಮೊಸರು, ಮೊಟ್ಟೆ ಸೇರಿಸಿ ಏನೋ ಒಂದು ಸುಟ್ಟು ನೋಡಿದೆ. ಅಂಟಿಲ್ಲವಲ್ಲ, ಕೊಯ್ಯಲು ಹೋದರೆ ಪುಡಿಪುಡಿಯಾಯಿತು. ಚಮಚದಲ್ಲಿ ತಿಂದೆವು ನಾನು ಮಗಳು. ಅವಳು ಚೆನ್ನಾಗಿದೆ ಅಂದಳು. ನಿಜ ಹೇಳೇ ಅಂದೆ. ಚಮಚ ಕೆಳಗಿಟ್ಟು, ಒಣಗಿದ ಮಣ್ಣಿನ ಹಾಗಿದೆ ಅಂದಳು. ನನಗೆ ಸಿಟ್ಟು ಬಂತು. ಆದರೂ ಏನೂ ಆಗಲಿಲ್ಲ, ಮನೆ ಬಿದ್ದುಹೋಗಲಿಲ್ಲ, ಅವಳೂ ಬದುಕಿದ್ದಾಳೆ. ನೀವೂ ಬದುಕುತ್ತಿದ್ದಿರಿ.

ನೀವು ವಾಪಸು ಬನ್ನಿ ಅಂತ ನಾನು ಕರೆಯುತ್ತಿಲ್ಲ. ಬರುವುದಾದರೆ ಒಂದು ಷರತ್ತು. ನಿಮ್ಮ ಕರುಳಿನ ಸುದ್ದಿ ಇನ್ನು ಮುಂದೆ ನನಗೆ ನಿಮ್ಮ ಬಾಯಿಂದಲೇ, ಎಲ್ಲರಿಗಿಂತ ಮೊದಲು ಬರಬೇಕು. ನಾನು ಕೂಗಿದರೆ ಕೂಗಲಿ, ಡಬ್ಬಿ ಎಸೆದರೆ ಎಸೆಯಲಿ, ನೀವು ಅಲ್ಲೇ ನಿಂತು ಮಾತು ಮುಗಿಸಬೇಕು. ಬ್ಯಾಗು ತುಂಬಿಕೊಂಡು ಹೋಗುವ ಹಾಗಿಲ್ಲ. ಇದು ಆಗದಿದ್ದರೆ ಅಲ್ಲೇ ಇರಿ, ನಿಮ್ಮಕ್ಕನ ಮೆತ್ತನೆ ಕೇಕು ತಿನ್ನಿ. ತಿನ್ನಬೇಡಿ, ಅದರಲ್ಲೂ ಮೈದಾ ಇರುತ್ತದೆ.

ಕೋಪ ಇನ್ನೂ ಅರ್ಧಕ್ಕರ್ಧ ಬಾಕಿ ಇರುವ,
ನಿಮ್ಮ ಹೆಂಡತಿ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಇದನ್ನೂ ಹೇಳಿಬಿಡುತ್ತೇನೆ. ನಿನ್ನೆ ನಿಮ್ಮ ಠಾಣೆಗೆ ಹೋಗಿದ್ದೆ. ಡಾಕ್ಟರ ರಿಪೋರ್ಟನ್ನು ನಿಮ್ಮಕ್ಕನ ಕೈಯಿಂದ ತರಿಸಿಕೊಂಡಿದ್ದೆ, ಅವರನ್ನು ಬೈಯಬೇಡಿ. ಸಾಹೇಬರು ಅಂಗಳದಲ್ಲೇ ಇದ್ದರು, ಗಾಡಿ ತೊಳೆಯುತ್ತಿದ್ದವರೂ ಇದ್ದರು. ಎಲ್ಲರಿಗೂ ಕೇಳಿಸುವ ಹಾಗೆ, ಇವರಿಗೆ ವಯಸ್ಸೂ ಆಗಿಲ್ಲ, ಆಲಸ್ಯವೂ ಇಲ್ಲ, ಇವರನ್ನ ಕೆಡವಿದ್ದು ನನ್ನ ಬ್ರೆಡ್ಡು ಅಂದೆ. ಯಾರೋ ಕಿಸಕ್ಕನೆ ನಕ್ಕರು. ನಗಲಿ ಬಿಡಿ. ಫೋನ್ ರೂಮಿನ ಆದೇಶ ನಿಲ್ಲಿಸಿದ್ದಾರೆ. ಆರು ತಿಂಗಳು ಪಥ್ಯ, ವಿಶ್ರಾಂತಿ, ಆಮೇಲೆ ಡಾಕ್ಟರು ಒಪ್ಪಿದರೆ ಮತ್ತೊಂದು ಸಲ ಪರೀಕ್ಷೆ. ಇದನ್ನೆಲ್ಲ ನಿಮ್ಮನ್ನು ಒಂದು ಮಾತೂ ಕೇಳದೆ ಮಾಡಿದ್ದೇನೆ, ನೀವು ಮಾಡಿದ ಹಾಗೆಯೇ. ನಿಮಗೂ ಕೋಪ ಬರಬೇಕು. ಬಂದಿದ್ದರೆ ಅಲ್ಲಿ ಕೂತು ನುಂಗಿಕೊಳ್ಳಬೇಡಿ, ಮನೆಗೆ ಬಂದು ಬೈಯಿರಿ. ಎರಡು ಮನೆ ಆಚೆಯವರಿಗೂ ಕೇಳಿಸಲಿ. ನಾನು ಬಾಯಿ ಮುಚ್ಚಿಕೊಂಡು ಕೇಳುತ್ತೇನೆ. ಮುಚ್ಚಿಕೊಳ್ಳಲು ಪ್ರಯತ್ನವನ್ನಾದರೂ ಮಾಡುತ್ತೇನೆ.